ಎಚ್‌ಡಿ ಲೆಕ್ಕದಲ್ಲಿ ಕನ್ನಡಕ್ಕೆ ಸೊನ್ನೆ

2013ರ ಮಾರ್ಚ್ 31ಕ್ಕೆ ಬೆಂಗಳೂರಿನ ಹಳೇ ಅನಲಾಗ್ ಕೇಬಲ್‌ಗೆ ಗಡುವು ಇತ್ತು. ಆಮೇಲೆ ಸೆಟ್‌ಟಾಪ್ ಬಾಕ್ಸ್ ಇಲ್ಲದ ಟೀವಿಯಲ್ಲಿ ಚುಕ್ಕಿ ಮಳೆ ಬಿಟ್ಟು ಬೇರೇನೂ ಬರಲ್ಲ ಅಂತಿತ್ತು. ದೆಹಲಿ, ಮುಂಬೈ, ಕೋಲ್ಕತಾ, ಚೆನ್ನೈಗಳಿಗೆ 2012ರ ಅಕ್ಟೋಬರ್ 31 ಅಂತ ದಿನ ಗೊತ್ತುಮಾಡಿದ್ರು. ಎರಡನೇ ಕಂತಿನ 38 ಊರುಗಳಲ್ಲಿ ಬೆಂಗಳೂರು, ಮೈಸೂರು ಎರಡೂ ಸೇರಿದ್ದವು. ಅಂದ್ರೆ ಆ ಗಡುವಿನೊಳಗೆ ಊರಿನ ಲಕ್ಷಾಂತರ ಮನೆಗಳು ಒಂದೋ ಕೇಬಲ್‌ನವನ ಪೆಟ್ಟಿಗೆ ತಗೋಬೇಕಿತ್ತು, ಇಲ್ಲಾಂದ್ರೆ ತಾರಸಿ ಮೇಲೆ ಒಂದು ತಟ್ಟೆ ನಿಲ್ಲಿಸಿ ಡಿಟಿಎಚ್ ಹಾಕಿಸಬೇಕಿತ್ತು. ವ್ಯಾಪಾರಿಗಳಿಗೆ ಇದಕ್ಕಿಂತ ದೊಡ್ಡ ಜಾತ್ರೆ ಇನ್ನೊಂದಿರಲಿಲ್ಲ.

ಜಾತ್ರೆಯಲ್ಲಿ ಎಲ್ಲರೂ ಕೂಗ್ತಿದ್ದದ್ದು ಒಂದೇ: ಎಚ್‌ಡಿ. ನಮ್ಮಲ್ಲಿ ಎಷ್ಟು ಎಚ್‌ಡಿ, ಅವರಲ್ಲಿ ಎಷ್ಟು ಎಚ್‌ಡಿ. ಎಚ್‌ಡಿ ಆದ್ಮೇಲೆ ರೆಕಾರ್ಡರ್. ಎಷ್ಟು ಗಂಟೆ ತುಂಬಿಸಬಹುದು, ಆಫೀಸಲ್ಲಿ ಕೂತು ಮೊಬೈಲಿಂದ ರೆಕಾರ್ಡಿಂಗ್ ಹಾಕಬಹುದಾ, ಮ್ಯಾಚ್ ಮಧ್ಯದಲ್ಲಿ ನಿಲ್ಲಿಸಿ ಕಾಫಿ ಕುಡಿದು ಬಂದು ಅಲ್ಲಿಂದಲೇ ಮುಂದುವರಿಸಬಹುದಾ. ಆಮೀರ್ ಖಾನ್ ಒಂದು ಕಂಪನಿಯ ಪರ, ಶಾರುಖ್ ಖಾನ್ ಇನ್ನೊಂದು ಕಂಪನಿಯ ಪರ ಇದ್ರು. ಡಿಶ್ ಟೀವಿ, ಟಾಟಾ ಸ್ಕೈ, ಸನ್ ಡೈರೆಕ್ಟ್, ರಿಲಯನ್ಸ್, ಏರ್‌ಟೆಲ್, ವಿಡಿಯೋಕಾನ್ ಹೀಗೆ ಆರು ಖಾಸಗಿ ಕಂಪನಿಗಳಿದ್ದವು. ಪುಕ್ಕಟೆ ಸಿಗೋ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ ಬೇರೆ ಇತ್ತು. ಇಷ್ಟು ಜನ ಒಟ್ಟಿಗೆ ನಮ್ಮ ಬಾಗಿಲು ತಟ್ತಾ ಇದ್ರೆ ಗಿರಾಕಿಯೇ ರಾಜ ಅಂತ ಅನ್ನಿಸೋದು ಸಹಜ.

ರಾಜ ಅಂತಲೇ ಇಟ್ಕೊಳ್ಳಿ. ಈ ರಾಜ ಆಗ ಒಂದು ಸಣ್ಣ ಪ್ರಶ್ನೆ ಕೇಳಿದ್ರೆ ಸಾಕಿತ್ತು: ನಿಮ್ಮ ಎಚ್‌ಡಿ ಪಟ್ಟಿಯಲ್ಲಿ ಕನ್ನಡದ ಚಾನೆಲ್ ಎಷ್ಟಿವೆ?

ಸೊನ್ನೆ. 2013ರಲ್ಲಿ ಆರು ಕಂಪನಿಗಳದ್ದೂ ಸೊನ್ನೆ. ಮಿಕ್ಕ ಎಲ್ಲದರಲ್ಲೂ ಒಬ್ಬರ ಕಾಲು ಒಬ್ಬರು ಎಳೆಯೋ ಇವರು ಇದೊಂದರಲ್ಲಿ ಪರಮ ಮಿತ್ರರಾಗಿದ್ರು.

ಎಚ್‌ಡಿ ಅಂದ್ರೆ ಏನು ಅಂತ ಗೊತ್ತಿಲ್ಲದೆ ತಲೆ ಆಡಿಸೋರೇ ಜಾಸ್ತಿ, ಅದಕ್ಕೆ ಇಲ್ಲೊಂದು ಲೆಕ್ಕ ಮಾಡೋಣ. ನಮ್ಮ ದೇಶದ ಮಾಮೂಲಿ ಟೀವಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಗುಣಿಸಿದ್ರೆ 4,14,720. ಪೂರ್ತಿ ಎಚ್‌ಡಿ ಚಿತ್ರದಲ್ಲಿ 1920 ಮತ್ತು 1080, ಗುಣಿಸಿದ್ರೆ 20,73,600. ಸರಿಯಾಗಿ ಐದು ಪಟ್ಟು. ಚುಕ್ಕಿ ಹೆಚ್ಚಿದಷ್ಟೂ ಆಕಾಶದಲ್ಲಿ ಜಾಗ ಹೆಚ್ಚು ಬೇಕು. ಎಂಪೆಗ್-4 ಅನ್ನೋ ಹಿಂಡೋ ವಿದ್ಯೆ ಬಂದ ಮೇಲೆ ಒಂದು ಎಚ್‌ಡಿ ಚಾನೆಲ್ಲಿಗೆ ಮೂರ್ನಾಲ್ಕು ಮಾಮೂಲಿ ಚಾನೆಲ್‌ಗಳ ಜಾಗ ಸಾಕಾಗುತ್ತೆ. ಆದ್ರೂ ಮೂರ್ನಾಲ್ಕು ಮೂರ್ನಾಲ್ಕೇ. ಉಪಗ್ರಹದ ಟ್ರಾನ್ಸ್‌ಪಾಂಡರ್ ಅನ್ನೋದು ಎಂ.ಜಿ. ರಸ್ತೆಯ ಸೈಟ್ ಇದ್ದ ಹಾಗೆ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ಯಾರೋ ಒಬ್ರು ಕೂತು ತೀರ್ಮಾನ ಮಾಡ್ತಾರೆ. ಅಲ್ಲಿ ಕನ್ನಡಕ್ಕೆ ಆಗ ಒಂದು ಸೈಟೂ ಸಿಕ್ಕಿರಲಿಲ್ಲ.

ದೊಡ್ಡ ಟೀವಿ ಇದ್ದ ಮನೆಯಲ್ಲಿ ಇದು ಕಣ್ಣಿಗೇ ಕಾಣ್ತಿತ್ತು. ನಲವತ್ತು ಇಂಚಿನ ಎಲ್‌ಇಡಿ, ಅದಕ್ಕೊಂದು ಎಚ್‌ಡಿ ಪೆಟ್ಟಿಗೆ. ಇಂಗ್ಲಿಷ್ ಚಾನೆಲ್ ಹಾಕಿದ್ರೆ ಆಫ್ರಿಕಾದ ಸಿಂಹದ ಮೀಸೆಯ ಕೂದಲು ಎಣಿಸಬಹುದಿತ್ತು. ಅಲ್ಲಿಂದ ಕನ್ನಡಕ್ಕೆ ಬಂದ್ರೆ, ಬಿಸಿನೀರಲ್ಲಿ ಮುಖ ತೊಳೆದು ಕನ್ನಡಕ ಹಾಕ್ಕೊಂಡ ಹಾಗೆ ಎಲ್ಲಾ ಮಂಜಾಗಿರ್ತಿತ್ತು. ಚೌಕದ 4:3 ಚಿತ್ರವನ್ನ ಅಗಲದ 16:9 ಪರದೆ ತುಂಬ ಎಳೆದರೆ ಪ್ರತಿಯೊಬ್ಬರೂ ಮೂರನೇ ಒಂದು ಭಾಗ ದಪ್ಪ ಆಗ್ತಾರೆ. 2012ರ ಮಾರ್ಚಿನಲ್ಲಿ ಸುವರ್ಣದಲ್ಲಿ 'ಕನ್ನಡದ ಕೋಟ್ಯಧಿಪತಿ' ಶುರುವಾದಾಗ ಎಷ್ಟೋ ಮನೆಗಳಲ್ಲಿ ಊಟ ಬೇಗ ಮುಗೀತಿತ್ತು. ಪುನೀತ್ ಅಂಥ ಕಟ್ಟುಮಸ್ತಾದ ಮನುಷ್ಯ ನಮ್ಮ ಟೀವಿಯಲ್ಲಿ ಒಮ್ಮೆ ಬೇಳೆ ಒಬ್ಬಟ್ಟಿನ ಹಾಗೆ, ಒಮ್ಮೆ ಎರಡು ಪಕ್ಕದ ಕಪ್ಪು ಗೋಡೆ ಮಧ್ಯೆ ಸಿಕ್ಕಿಹಾಕ್ಕೊಂಡ ಹಾಗೆ ಕಾಣ್ತಿದ್ರು. ಯಾವುದು ಬೇಕೋ ರಿಮೋಟಲ್ಲಿ ಆರಿಸ್ಕೊಳ್ಳಿ, ಆಯ್ಕೆ ಇದೆಯಲ್ಲ!

"ಇದು ಡಿಟಿಎಚ್‌ನವರ ತಪ್ಪಲ್ಲ, ಚಾನೆಲ್‌ನವರು ಎಚ್‌ಡಿ ಮಾಡಿದ್ರೆ ತಾನೇ ಇವರು ಹಾಕೋದು" ಅಂತ ನನ್ನ ಟೀಮಿನ ಒಬ್ಬ ಗೆಳೆಯ ವಾದ ಮಾಡಿದ. ವಾದದಲ್ಲಿ ಅರ್ಧ ಹುರುಳಿದೆ. ಕಂಪನಿಯವರು ಚಾನೆಲ್ ಕಡೆ ಕೈ ತೋರಿಸ್ತಿದ್ರು, ಚಾನೆಲ್‌ನವರು ಡಿಟಿಎಚ್‌ನಲ್ಲಿ ಜಾಗ ಇಲ್ಲ ಅಂತಿದ್ರು. ಕೋಳಿ ಮೊದಲೋ ಮೊಟ್ಟೆ ಮೊದಲೋ. ಒಳ್ಳೇದು, ಹಾಗಾದ್ರೆ ಕೋಳಿ, ಮೊಟ್ಟೆ, ಗೂಡು ಮೂರೂ ಒಬ್ಬರದ್ದೇ ಆಗಿರೋ ಕಡೆ ಏನಾಗಿದೆ ನೋಡೋಣ. ಸನ್ ಸಮೂಹಕ್ಕೆ ಸ್ವಂತ ಡಿಟಿಎಚ್ ಇದೆ, ಸನ್ ಡೈರೆಕ್ಟ್. ಅದೇ ಸಮೂಹಕ್ಕೆ ತಮಿಳಲ್ಲಿ ಸನ್, ತೆಲುಗಲ್ಲಿ ಜೆಮಿನಿ, ಮಲಯಾಳದಲ್ಲಿ ಸೂರ್ಯ, ಕನ್ನಡದಲ್ಲಿ ಉದಯ ಚಾನೆಲ್‌ಗಳಿವೆ. 2011ರ ಡಿಸೆಂಬರಿನಲ್ಲಿ ಇವರು ಎಚ್‌ಡಿ ಶುರು ಮಾಡಿದ್ರು. ಸನ್ ಟೀವಿ ಎಚ್‌ಡಿ, ಕೆಟಿವಿ ಎಚ್‌ಡಿ, ಸನ್ ಮ್ಯೂಸಿಕ್ ಎಚ್‌ಡಿ ಅಂತ ತಮಿಳಿಗೆ ಮೂರು, ಜೆಮಿನಿ ಎಚ್‌ಡಿ ಅಂತ ತೆಲುಗಿಗೆ ಒಂದು. ಹಾಡಿನ ಚಾನೆಲ್ಲಿಗೂ ಎಚ್‌ಡಿ ಸಿಕ್ತು. 1994ರಿಂದ ಕರ್ನಾಟಕದ ಮನೆಮನೆಯಲ್ಲಿ ಕೂತಿರೋ ಉದಯಕ್ಕೆ ಆಗ ಸಿಗಲಿಲ್ಲ. ಸೂರ್ಯಕ್ಕೂ ಸಿಗಲಿಲ್ಲ ಅನ್ನೋದನ್ನ ನ್ಯಾಯಕ್ಕೆ ಹೇಳಿಬಿಡ್ತೀನಿ, ಆದ್ರೆ ಮಲಯಾಳಿಗಳಿಗೂ ಕೊಟ್ಟಿರಲಿಲ್ಲ ಅನ್ನೋದು ನಮಗೆ ಸಮಾಧಾನ ಆಗೋದಾದ್ರೂ ಹೇಗೆ?

ಇಲ್ಲಿ ಚಾನೆಲ್ ಯಾರದ್ದು, ತಟ್ಟೆ ಯಾರದ್ದು ಅನ್ನೋ ನೆಪವೇ ಇಲ್ಲ. ಒಂದೇ ಮನೆಯವರು ಕೂತು, ನಾಲ್ಕು ಮಕ್ಕಳಲ್ಲಿ ಇಬ್ಬರಿಗೆ ಹೊಸ ಬಟ್ಟೆ ಸಾಕು ಅಂತ ತೀರ್ಮಾನ ಮಾಡಿದ್ದು.

"ಮಾರ್ಕೆಟ್ ಸಣ್ಣದು ಮಗಾ" ಅನ್ನೋದು ಮುಂದಿನ ವಾದ. 2001ರ ಜನಗಣತಿ ಪ್ರಕಾರ ಕನ್ನಡ ತಾಯ್ನುಡಿ ಅಂತ ಬರೆಸಿದವರು 3.79 ಕೋಟಿ. ತಮಿಳಿನವರಿಗಿಂತ, ತೆಲುಗಿನವರಿಗಿಂತ ಕಡಿಮೆ, ಒಪ್ಪಿದೆ. ಆದ್ರೆ ಈ ಲೆಕ್ಕಕ್ಕೆ ಸಿಗಬೇಕಾದ ಉತ್ತರ ತಮಿಳಿಗೆ ಮೂರು ಕೊಟ್ಟಲ್ಲಿ ಕನ್ನಡಕ್ಕೆ ಒಂದು ಅಂತ. ಸೊನ್ನೆ ಹೇಗೆ ಬಂತು? ಅದೇ ಎಚ್‌ಡಿ ಪ್ಯಾಕಿನಲ್ಲಿ ಪ್ರವಾಸ, ಅಡುಗೆ, ಕಾರು ರೇಸು ಅಂತ ಇಡೀ ಕರ್ನಾಟಕದಲ್ಲಿ ಎಷ್ಟು ಜನ ನೋಡ್ತಾರೋ ದೇವರಿಗೇ ಗೊತ್ತಿರೋ ಇಂಗ್ಲಿಷ್ ಚಾನೆಲ್‌ಗಳಿಗೆ ಜಾಗ ಇತ್ತು. ಎಷ್ಟು ಕಂಪನಿಗಳು ಪಟ್ಟಿ ಉದ್ದ ಕಾಣಲಿ ಅಂತ 'ಎಚ್‌ಡಿ ಚಾನೆಲ್ ಮತ್ತು ಸೇವೆಗಳು' ಅಂತ ಸೇರಿಸಿ ಎಣಿಸ್ತಾವೆ ನೋಡಿ. ಸೇವೆ ಅಂದ್ರೆ ಏನು ಅಂತ ಕೇಳಿದ್ರೆ ಮಾರೋ ಹುಡುಗನಿಗೂ ಗೊತ್ತಿರಲ್ಲ. ಚಾನೆಲ್‌ನವರು ಕೊಡದೇ ನಾವೇನೂ ಮಾಡೋಕಾಗಲ್ಲ ಅನ್ನೋ ಇದೇ ಕಂಪನಿಗಳು ಆಟ, ಅಡುಗೆ, ಇಂಗ್ಲಿಷ್ ಕಲಿಕೆ, ದೇವರ ದರ್ಶನ ಅಂತ ತಮ್ಮದೇ ಸ್ವಂತ ಸೇವೆಗಳನ್ನ ಯಾರ ಅಪ್ಪಣೆಗೂ ಕಾಯದೆ ಶುರು ಮಾಡಿ ದುಡ್ಡು ಎಣಿಸ್ತಾ ಇದ್ದವು. ಮನಸ್ಸಿದ್ದ ಕಡೆ ಮಾರ್ಗ ತಾನಾಗೇ ಸಿಕ್ಕಿದೆ.

ಇನ್ನು ಜಾಗದ ವಿಷಯ. ಟ್ರಾನ್ಸ್‌ಪಾಂಡರ್ ಇಲ್ಲ, ಟ್ರಾನ್ಸ್‌ಪಾಂಡರ್ ಇಲ್ಲ ಅಂತ ಎಲ್ಲಾ ಕಂಪನಿಗಳದ್ದೂ ಆಗ ಒಂದೇ ಹಾಡು. ಈ ಹಾಡನ್ನ ಬೇರೆ ಊರಲ್ಲಿ ಕೂತು ಕೇಳಿದ್ರೆ ನಂಬಬಹುದಿತ್ತೇನೋ. ನಾನಿರೋದು ಸಂಜಯನಗರದಲ್ಲಿ. ಇಲ್ಲಿಂದ ನ್ಯೂ ಬಿಇಎಲ್ ರಸ್ತೆಗೆ ನಡ್ಕೊಂಡು ಹೋದ್ರೆ ಅಂತರಿಕ್ಷ ಭವನ, ಇಸ್ರೋದ ಕೇಂದ್ರ ಕಚೇರಿ. ಡಿಟಿಎಚ್ ಕಂಪನಿಗಳಿಗೆ ಆಕಾಶದ ಸೈಟು ಬಾಡಿಗೆಗೆ ಕೊಡ್ತಿದ್ದದ್ದು ಆಗ ಇದೇ ಇಲಾಖೆಯ ಆಂಟ್ರಿಕ್ಸ್. 2005ರ ಡಿಸೆಂಬರಿನಲ್ಲಿ ಹಾರಿಸಿದ ಇನ್ಸಾಟ್-4ಎ ಮೇಲೆ ಟಾಟಾ ಸ್ಕೈ ನಿಂತಿತ್ತು, 2007ರ ಸೆಪ್ಟೆಂಬರಿನ ಇನ್ಸಾಟ್-4ಸಿಆರ್ ಮೇಲೆ ಏರ್‌ಟೆಲ್. ಕಟ್ಟಿದ್ದು ಬೆಂಗಳೂರಿನಲ್ಲಿ, ಹಗಲೂ ರಾತ್ರಿ ಅವು ಕದಲದ ಹಾಗೆ ನೋಡ್ಕೊಳ್ತಿದ್ದದ್ದು ಹಾಸನದ ಮಾಸ್ಟರ್ ಕಂಟ್ರೋಲ್ ಕೇಂದ್ರದಿಂದ. ಇನ್ಸಾಟ್ ಸಾಲದವರು ಹೊರಗಿನ ಉಪಗ್ರಹ ಹಿಡ್ಕೊಂಡಿದ್ರು. ಡಿಶ್ ಟೀವಿ ಎನ್‌ಎಸ್‌ಎಸ್-6ರಲ್ಲಿ, ವಿಡಿಯೋಕಾನ್ ಸಿಂಗಪುರದ ಎಸ್‌ಟಿ-2ರಲ್ಲಿ ಇದ್ದವು. 2012ರ ಸೆಪ್ಟೆಂಬರಿನಲ್ಲಿ ಜಿಸ್ಯಾಟ್-10 ಮೇಲೆ ಹೋಯ್ತು, ಡಿಟಿಎಚ್‌ಗೆ ಬೇಕಾದ ಕೆಯು ಬ್ಯಾಂಡಿನ 12 ಟ್ರಾನ್ಸ್‌ಪಾಂಡರ್ ಅದರಲ್ಲಿದ್ದವು. ಜಾಗ ಕಡಿಮೆ ಇದ್ದದ್ದು ನಿಜ, ಇಲ್ಲ ಅನ್ನಲ್ಲ. ಆದ್ರೆ ಇರೋ ಜಾಗವನ್ನ ಹಂಚುವಾಗ ಮೊದಲ ಹತ್ತರಲ್ಲಿ, ಇಪ್ಪತ್ತರಲ್ಲಿ, ಮೂವತ್ತರಲ್ಲಿ ಕನ್ನಡದ ನೆನಪು ಬರಲಿಲ್ಲ ಅಂದ್ರೆ ಅದನ್ನ ಜಾಗದ ಕೊರತೆ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ಉಪಗ್ರಹ ಕಾಯೋಕೆ ಹಾಸನ ಬೇಕಿತ್ತು, ಅದರಲ್ಲಿ ಬರೋ ಚಿತ್ರಕ್ಕೆ ಹಾಸನದವರ ಭಾಷೆ ಬೇಡವಾಗಿತ್ತು!

ರೆಕಾರ್ಡರ್ ಕಥೆ ಇದಕ್ಕಿಂತ ಸ್ವಾರಸ್ಯ. 2008ರಲ್ಲಿ ಟಾಟಾ ಸ್ಕೈ ಪ್ಲಸ್ ಬಂದಾಗ ನಮ್ಮ ಆಫೀಸಿನಲ್ಲಿ ಅದರದ್ದೇ ಮಾತು. ಆಮೇಲೆ ಎಲ್ಲರ ಹತ್ರನೂ ಒಂದೊಂದು ಬಂತು. ಪೆಟ್ಟಿಗೆಯೊಳಗೆ ಹಾರ್ಡ್‌ಡಿಸ್ಕ್, ಅದರಲ್ಲಿ ಗಂಟೆಗಟ್ಟಲೆ ಕಾರ್ಯಕ್ರಮ. ನನ್ನ ಮನೆಯಲ್ಲೂ ಒಂದಿದೆ, ಕಂಪನಿ ಹೆಸರು ಬೇಡ, ಎಲ್ಲರದ್ದೂ ಹೆಚ್ಚೂಕಮ್ಮಿ ಅದೇ ಹಾಡು. ಊರಿಂದ ಅಮ್ಮ ಬಂದಾಗ ದೇವಸ್ಥಾನಕ್ಕೆ ಹೋದ ಹೊತ್ತಲ್ಲಿ ಧಾರಾವಾಹಿ ತಪ್ಪದಿರಲಿ ಅಂತ 'ಸೀರೀಸ್ ರೆಕಾರ್ಡ್' ಒತ್ತಿದೆ. ಅಂದ್ರೆ ಇನ್ಮೇಲೆ ದಿನಾ ತಾನಾಗೇ ರೆಕಾರ್ಡ್ ಆಗಬೇಕು. ಹಿಂದಿಯ ಧಾರಾವಾಹಿಗೆ ಕರಾರುವಾಕ್ಕಾಗಿ ಕೆಲಸ ಮಾಡುತ್ತೆ. ಕನ್ನಡದ್ದು ಸೋಮವಾರ ಆಯ್ತು, ಮಂಗಳವಾರ ಇಲ್ಲ, ಬುಧವಾರ ಅರ್ಧ ಗಂಟೆ ಬಂಗಾರದ ಅಂಗಡಿ ಜಾಹೀರಾತು. ಅಮ್ಮ ನನ್ನ ಮುಖ ನೋಡಿದ್ರು, ಇವನು ಅದ್ಯಾವ ಸಾಫ್ಟ್‌ವೇರ್ ಮಾಡ್ತಾನೋ ಅನ್ನೋ ಥರ.

ಕಾರಣ ಹುಡುಕೋಕೆ ದೊಡ್ಡ ಎಂಜಿನಿಯರಿಂಗ್ ಬೇಕಾಗಲಿಲ್ಲ. ರೆಕಾರ್ಡರಿಗೆ ಕಣ್ಣಿಲ್ಲ. ಚಾನೆಲ್ ಜೊತೆ ಬರೋ ಕಾರ್ಯಕ್ರಮ ಪಟ್ಟಿ ಓದಿ ಅದು ಕೆಲಸ ಮಾಡುತ್ತೆ. ಯಾವ ಹೊತ್ತಿಗೆ ಏನು ಶುರು, ಎಷ್ಟಕ್ಕೆ ಮುಗಿಯುತ್ತೆ, ಇದು ನಿನ್ನೆಯದ್ದೇ ಧಾರಾವಾಹಿಯ ಮುಂದಿನ ಕಂತಾ ಅನ್ನೋದೆಲ್ಲಾ ಆ ಪಟ್ಟಿಯಿಂದ ಅದಕ್ಕೆ ಗೊತ್ತಾಗಬೇಕು. ನನ್ನ ಪೆಟ್ಟಿಗೆಯಲ್ಲಿ ಇಂಗ್ಲಿಷ್, ಹಿಂದಿ ಚಾನೆಲ್‌ಗಳಿಗೆ ಕಥೆಯ ಸಾರಾಂಶದ ಸಮೇತ ಪಟ್ಟಿ ಇದೆ. ಕನ್ನಡಕ್ಕೆ ಬಂದ್ರೆ ಒಂದೇ ಧಾರಾವಾಹಿಗೆ ವಾರದಲ್ಲಿ ಎರಡು ಸ್ಪೆಲ್ಲಿಂಗು, ಮಧ್ಯಾಹ್ನ ಪೂರ್ತಿ 'ಕನ್ನಡ ಸಿನಿಮಾ' ಅನ್ನೋ ಎರಡೇ ಪದ. ಯಾವ ಸಿನಿಮಾ? ಹಾಕ್ಕೊಂಡು ನೋಡಿ. ರೆಕಾರ್ಡರಿಗೆ ದುಡ್ಡು ಎಲ್ಲರ ಹತ್ರನೂ ಒಂದೇ ತಗೊಂಡಿದ್ದಾರೆ. ಕನ್ನಡ ನೋಡೋ ಮನೆಗೆ ಅದು ಬೆಲೆ ಬಾಳೋ ಗಡಿಯಾರ ಅಷ್ಟೇ. ಎದುರಿಗೆ ಹಸಿರು ಅಂಕಿಯಲ್ಲಿ ಹೊತ್ತು ಮಾತ್ರ ಚೆನ್ನಾಗಿ ತೋರಿಸುತ್ತೆ.

ಆ ಪಟ್ಟಿ ಕನ್ನಡ ಲಿಪಿಯಲ್ಲೇ ಬರಬೇಕು ಅಂದ್ರೆ ನಗ್ತಾರೆ. ನಗೋ ವಿಷಯವೇ ಅಲ್ಲ. ಈ ಪೆಟ್ಟಿಗೆಗಳು ಪಾಲಿಸೋ ಡಿವಿಬಿ ಮಾನದಂಡದಲ್ಲೇ ಯೂನಿಕೋಡ್ ಅಕ್ಷರ ಕಳಿಸೋಕೆ ದಾರಿ ಇದೆ. ಯೂನಿಕೋಡಿನ ಮೊದಲ ಆವೃತ್ತಿ ಬಂದಿದ್ದು 1991ರಲ್ಲಿ, ಕನ್ನಡ ಅದರಲ್ಲೇ ಇತ್ತು. ಪೆಟ್ಟಿಗೆಗೆ ಒಂದು ಫಾಂಟು ತುಂಬಿಸಿ, ಅಕ್ಷರ ಕೂಡಿಸೋ ನಾಲ್ಕು ಸಾಲು ಸರಿಯಾಗಿ ಬರೀಬೇಕು. ಬೆಂಗಳೂರಿನ ಯಾವ ಟೆಕ್ ಪಾರ್ಕಿಗೆ ಹೋಗಿ ಕೂಗಿದ್ರೂ ಮಾಡಿಕೊಡೋಕೆ ಹತ್ತು ಜನ ಕೈ ಎತ್ತುತ್ತಾರೆ. ಊರಲ್ಲಿ ನಮ್ಮಪ್ಪನಂಥೋರು ಇದ್ದಾರೆ, ದಿನಪತ್ರಿಕೆ ಮೊದಲ ಅಕ್ಷರದಿಂದ ಕೊನೇ ಟೆಂಡರ್ ನೋಟೀಸ್ ತನಕ ಓದ್ತಾರೆ, ಆದ್ರೆ ಆ ಪೆಟ್ಟಿಗೆ ಮುಂದೆ ಅನಕ್ಷರಸ್ಥರು. ಅವರನ್ನ ಅನಕ್ಷರಸ್ಥರು ಮಾಡಿದ್ದು ಅವರ ಶಾಲೆಯಲ್ಲ.

ರೆಕಾರ್ಡ್ ಆದದ್ದಾದ್ರೂ ನಮ್ಮದಾ? ನಾನು ಹುಡುಗನಾಗಿದ್ದಾಗ ಊರಲ್ಲಿ ಗಣೇಶನ ಹಬ್ಬಕ್ಕೆ ಪಟ್ಟಣದಿಂದ ಕಲರ್ ಟೀವಿ, ವಿಸಿಪಿ ಬಾಡಿಗೆಗೆ ತರ್ತಿದ್ರು. ರಾತ್ರಿಗೆ ಮೂರು ಸಿನಿಮಾ, ಒಂದು ಗ್ಯಾರಂಟಿ ಅಣ್ಣಾವ್ರದ್ದು. ಕ್ಯಾಸೆಟ್ ಯಾವ ಕಂಪನಿಯದ್ದು, ವಿಸಿಪಿ ಯಾವ ಕಂಪನಿಯದ್ದು ಅಂತ ಯಾರೂ ಕೇಳಿದ್ದಿಲ್ಲ. ತುರುಕಿದ್ರೆ ಓಡ್ತಿತ್ತು. ಇವತ್ತಿನ ಪೆಟ್ಟಿಗೆಯಲ್ಲಿ ನೀವು ಉಳಿಸಿದ ಕಾರ್ಯಕ್ರಮಕ್ಕೆ ಆ ಪೆಟ್ಟಿಗೆಯದ್ದೇ ಬೀಗ. ಹಾರ್ಡ್‌ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದ್ರೆ ಬರೀ ಕಸ. ಪೆಟ್ಟಿಗೆ ಕೆಟ್ಟು ಬದಲಾಯಿಸಿದ್ರೆ ಹಳೇದೆಲ್ಲ ಗೋವಿಂದ. 2012ರ ದೀಪಾವಳಿ ಹೊತ್ತಿಗೆ ರೀಚಾರ್ಜ್ ಮರೆತು ಊರಿಗೆ ಹೋಗಿ ಬಂದೆ, ವಾಪಸ್ ಬಂದು ನೋಡಿದ್ರೆ ನಾನೇ ಉಳಿಸಿಟ್ಟಿದ್ದ ನಾಟಕವೂ ಓಡಲ್ಲ ಅಂತು. ಮೊದಲು ದುಡ್ಡು ಕಟ್ಟು ಅಂತು. ಆ ನಾಟಕ ಬಂದು ಎರಡು ತಿಂಗಳಾಗಿತ್ತು, ಆ ತಿಂಗಳ ದುಡ್ಡು ಅವತ್ತೇ ಕಟ್ಟಿಯಾಗಿತ್ತು. ಫೋನ್ ಮಾಡಿದೆ. ಕನ್ನಡಕ್ಕೆ ಅಂತ ಹೇಳಿದ ಅಂಕಿ ಒತ್ತಿದೆ, ಚಂದದ ಕನ್ನಡದಲ್ಲಿ ಒಬ್ಬ ಹೆಣ್ಣುಮಗಳು ಮಾತಾಡಿ, ರೆಕಾರ್ಡರ್ ವಿಷಯ ಬೇರೆ ವಿಭಾಗ ಅಂತ ವರ್ಗಾಯಿಸಿದ್ಲು. ಆ ಬೇರೆ ವಿಭಾಗಕ್ಕೆ ಹಿಂದಿ ಮಾತ್ರ ಬರುತ್ತೆ.

ಹಾಗಾದ್ರೆ ಬಿಟ್ಟು ಬೇರೆ ಕಂಪನಿಗೆ ಹೋಗು ಮಾರಾಯ ಅಂತೀರಿ. ಸ್ಪರ್ಧೆ ಇರೋದೇ ಅದಕ್ಕಲ್ವಾ? ನನಗೆ ಸಿಟ್ಟು ನೆತ್ತಿಗೇರೋದೇ ಇಲ್ಲಿ. ಡಿಟಿಎಚ್‌ಗೆ ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2001ರ ಮಾರ್ಚಿನಲ್ಲಿ. ಪೆಟ್ಟಿಗೆ ಯಾರೊಬ್ಬರ ಸ್ವತ್ತೂ ಆಗಿರಬಾರದು, ಒಂದು ಕಂಪನಿಯದ್ದು ಇನ್ನೊಂದಕ್ಕೂ ಹೊಂದಬೇಕು ಅಂತ ಲೈಸೆನ್ಸ್ ಷರತ್ತಿನಲ್ಲೇ ಇದೆ. 2013ಕ್ಕೆ ಹನ್ನೆರಡು ವರ್ಷ ಆಗಿತ್ತು. ಆಗ ನೀವು ಕಂಪನಿ ಬದಲಾಯಿಸಿದ್ರೆ ಹಳೇ ಪೆಟ್ಟಿಗೆ ಅಟ್ಟಕ್ಕೆ, ಹಳೇ ತಟ್ಟೆ ತಾರಸಿಯಲ್ಲಿ ತುಕ್ಕಿಗೆ. ಒಬ್ಬ ಎಂಪೆಗ್-2, ಇನ್ನೊಬ್ಬ ಎಂಪೆಗ್-4, ಒಬ್ಬೊಬ್ಬರದ್ದು ಒಂದೊಂದು ಬೀಗ ಇತ್ತು. ಬೇರೆ ಕಂಪನಿಯ ಕಾರ್ಡು ತುರುಕೋಕೆ ಬೇಕಾದ ಮಾಡ್ಯೂಲ್ ಕೊಳ್ಳೋಣ ಅಂತ ನಾನು ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದೆ. ಅಂಥದ್ದು ಕೇಳಿದವನನ್ನ ಅವರು ಮೊದಲ ಸಲ ನೋಡ್ತಿರೋ ಹಾಗಿತ್ತು. ಮೊಬೈಲಿಗೆ ಬಂದ್ರೆ, 2011ರ ಜನವರಿ 20ರಿಂದ ನಂಬರ್ ಕೂಡ ಬಿಡದೆ ಕಂಪನಿ ಬದಲಾಯಿಸಬಹುದು. ಅವತ್ತಿಂದ ಕಸ್ಟಮರ್ ಕೇರ್‌ನವರ ದನಿ ಎಷ್ಟು ಮೆತ್ತಗಾಗಿದೆ ನೀವೇ ಕೇಳಿದ್ದೀರಿ. ಟೀವಿ ಪೆಟ್ಟಿಗೆಗೆ ಆ ಭಾಗ್ಯ ಇರಲಿಲ್ಲ.

ಬಿಟ್ಟು ಹೋಗೋಕಾಗದ ಗಿರಾಕಿಯ ಪಾಡು ಏನು ಅಂತ 2010ರ ಜುಲೈಯಲ್ಲಿ ಒಂದು ಸಲ ಕಂಡಿತ್ತು. ಇನ್ಸಾಟ್-4ಬಿಯ ವಿದ್ಯುತ್ ವ್ಯವಸ್ಥೆ ಕೆಟ್ಟು ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನ ಆರಿಸಬೇಕಾಯ್ತು. ಸನ್ ಡೈರೆಕ್ಟ್ ನಿಂತಿದ್ದು ಅದರ ಮೇಲೆ. ಅದರಲ್ಲಿ ಕಂಪನಿಯ ತಪ್ಪೇನಿಲ್ಲ, ಆಕಾಶದಲ್ಲಿ ಕೆಟ್ಟಿದ್ದಕ್ಕೆ ಯಾರೇನು ಮಾಡ್ತಾರೆ. ಅವರು ಮೀಸ್ಯಾಟ್-3 ಅನ್ನೋ ಉಪಗ್ರಹಕ್ಕೆ ಬದಲಾದ್ರು, ಮನೆಮನೆಯ ತಟ್ಟೆ ತಿರುಗಿಸಬೇಕಾಯ್ತು. ತಿರುಗಿಸೋ ಹುಡುಗ ಬರೋ ತನಕ ಹಳ್ಳಿಗಳಲ್ಲಿ ಜನ ಖಾಲಿ ಪರದೆ ನೋಡ್ತಾ ಕೂತ್ರು. ಪಕ್ಕದ ಮನೆಯ ಇನ್ನೊಂದು ಕಂಪನಿಯ ತಟ್ಟೆ ಸರಿಯಾಗೇ ಇತ್ತು. ಇವರ ಪೆಟ್ಟಿಗೆ ಅದಕ್ಕೆ ಹೊಂದಲ್ಲ, ಅಷ್ಟೇ.

ಎಚ್‌ಡಿ, ಪ್ಯಾಕು, ಕನ್ನಡ ಎಲ್ಲಾ ಬಂದು ಸೇರೋದು ಇಲ್ಲಿಗೇ ಅಂತ ನಾನು ವಾದ ಮಾಡೋದು. ಪೆಟ್ಟಿಗೆ ಮಾರೋ ದಿನ ಮಾತ್ರ ಇವರ ಮಧ್ಯೆ ಸ್ಪರ್ಧೆ. ಮಾರಿದ ಮಾರನೇ ದಿನದಿಂದ ಪ್ರತಿ ಕಂಪನಿಯೂ ತನ್ನ ಗಿರಾಕಿಗಳ ಮಟ್ಟಿಗೆ ಏಕಚಕ್ರಾಧಿಪತಿ. ಮಾರೋ ದಿನ ಗೆಲ್ಲೋಕೆ ಬೋರ್ಡಿನ ಮೇಲೆ ದೊಡ್ಡ ಅಂಕಿ ಬೇಕು, ಅದಕ್ಕೆ ಮುಂಬೈ, ದೆಹಲಿಯಿಂದ ಸಿಕ್ಕಿದ ಚಾನೆಲ್ ತುಂಬಿಸ್ತಾರೆ. ಆಮೇಲೆ ನೀವು ಕನ್ನಡದ್ದು ಎಲ್ಲಿ ಅಂತ ಕೇಳಿದ್ರೆ ಅವರಿಗೆ ನಷ್ಟವೇನು? ನೀವೆಲ್ಲೂ ಹೋಗಲ್ಲ ಅಂತ ಅವರಿಗೆ ಗೊತ್ತು.

ಇನ್ನೊಂದು ಕಹಿ ವಿಷಯ, ಇದಕ್ಕೆ ಕಂಪನಿಗಳನ್ನ ಬೈಯೋಕಾಗಲ್ಲ. ರಿಮೋಟಿನಲ್ಲಿ ಭಾಷೆಯ ಗುಂಡಿ ಇರುತ್ತೆ ನೋಡಿ. ಡಿಸ್ಕವರಿ ಹಾಕಿ ಒತ್ತಿದ್ರೆ ಆಗ ಬರ್ತಿದ್ದದ್ದು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಬಂಗಾಳಿ. ಕನ್ನಡ ಇರಲಿಲ್ಲ, ಯಾಕಂದ್ರೆ ಕನ್ನಡಕ್ಕೆ ಡಬ್ಬಿಂಗ್ ಮಾಡಬಾರದು ಅಂತ ತಡೆದು ಕೂತಿದ್ದವರು ನಮ್ಮವರೇ. 2012ರ ಮೇ ತಿಂಗಳಲ್ಲಿ 'ಸತ್ಯಮೇವ ಜಯತೆ' ತಮಿಳು, ತೆಲುಗು, ಮಲಯಾಳದಲ್ಲೆಲ್ಲ ಬಂತು, ಕನ್ನಡದಲ್ಲಿ ಬರೋಕೆ ಬಿಡಲಿಲ್ಲ. ಭಾಷೆ ಉಳಿಸ್ತೀವಿ ಅಂತ ಭಾಷೆಯ ಗುಂಡಿಯನ್ನೇ ಕಿತ್ತ ಮೇಲೆ, ಎಚ್‌ಡಿ ಪಟ್ಟಿ ಮಾಡೋ ಮುಂಬೈಯವನು ಕನ್ನಡದ ಸಾಲನ್ನ ಖಾಲಿ ಬಿಟ್ರೆ ಅವನಿಗೆ ಅನುಮಾನವೂ ಬರಲ್ಲ. ಅದರ ಬಗ್ಗೆ ಬರೀತಾ ಹೋದ್ರೆ ಇನ್ನೊಂದು ಲೇಖನವೇ ಆಗುತ್ತೆ.

ಈಗ ನಿಮ್ಮ ವಿಷಯ. ಹೌದು, ಇದನ್ನ ಓದ್ತಿರೋ ನಿಮ್ಮದೇ. "ಕನ್ನಡ ಚಾನೆಲ್ ಯಾರ್ ಗುರು ನೋಡ್ತಾರೆ, ಅತ್ತೆ-ಸೊಸೆ ಜಗಳ, ಹಾವಿನ ದ್ವೇಷ, ಜ್ಯೋತಿಷಿ. ಎಚ್‌ಡಿಯಲ್ಲಿ ಅತ್ತೆಯ ಮೇಕಪ್ ಇನ್ನೂ ಸ್ಪಷ್ಟ ಕಾಣುತ್ತೆ, ಬೇಕಾ?" ಅಂತೀರಿ. ತಮಾಷೆ ಚೆನ್ನಾಗಿದೆ, ನಾನೂ ನಕ್ಕಿದ್ದೀನಿ. ಆದ್ರೆ 1972ರ 'ಬಂಗಾರದ ಮನುಷ್ಯ' ತೆಗೆದಿದ್ದು 35 ಎಂಎಂ ಫಿಲಂನಲ್ಲಿ. ಒಳ್ಳೇ ಪ್ರಿಂಟ್ ಇದ್ದರೆ ಆ ಫಿಲಂ ಹಿಡಿದಿಟ್ಟ ವಿವರ ಎಚ್‌ಡಿಗಿಂತಲೂ ಹೆಚ್ಚು. ನಮ್ಮ ತಲೆಮಾರಿನವರು ಅದನ್ನ ನೋಡಿದ್ದು ಕೆಟ್ಟ ಕ್ಯಾಸೆಟ್ಟಲ್ಲಿ, ಆಮೇಲೆ ಮಸುಕು ಟೀವಿಯಲ್ಲಿ. ಮಸುಕಾಗಿರೋದು ಸಿನಿಮಾ ಅಲ್ಲ, ದಾರಿ. ಮತ್ತೆ ಎಚ್‌ಡಿಗೆ ಅಂತ ತಿಂಗಳು ತಿಂಗಳು ಮೇಲಿನ ದುಡ್ಡು ಕಟ್ತಿರೋದು ಯಾರು? ಮಂಡ್ಯದ ಹಳ್ಳಿಯ ಅಜ್ಜಿ ಅಲ್ಲ. ಆ ಅಜ್ಜಿ ಕನ್ನಡ ನೋಡ್ತಾರೆ, ಎಚ್‌ಡಿ ದುಡ್ಡು ಕಟ್ಟಲ್ಲ. ನಾವು ಎಚ್‌ಡಿ ದುಡ್ಡು ಕಟ್ತೀವಿ, ಕನ್ನಡ ಕೇಳಲ್ಲ. ಕಂಪನಿಯ ಎಕ್ಸೆಲ್ ಶೀಟಿನಲ್ಲಿ ಈ ಎರಡು ಕಾಲಂ ಒಟ್ಟಿಗೆ ಸೇರೋದೇ ಇಲ್ಲ. ಸೇರಿಸೋಕೆ ಆಗೋದು ಸಂಜಯನಗರ, ಜಯನಗರ, ವಿಜಯನಗರಗಳಲ್ಲಿ ಎಲ್‌ಇಡಿ ಇಟ್ಕೊಂಡು ಕೂತಿರೋ ನಮಗೆ. ನಮ್ಮ ಬಿಲ್ಡಿಂಗಿನ ತಾರಸಿಯಲ್ಲಿ ಹನ್ನೊಂದು ತಟ್ಟೆಗಳಿವೆ, ನಾಲ್ಕು ಕಂಪನಿಯವು. ಏಳು ಮನೆ ಕನ್ನಡದವು. ಎಚ್‌ಡಿಯಲ್ಲಿ ಕನ್ನಡ ಯಾಕಿಲ್ಲ ಅಂತ ಯಾವತ್ತಾದ್ರೂ ಕಂಪನಿಗೆ ಕೇಳಿದ್ರಾ ಅಂತ ವಿಚಾರಿಸಿದೆ. ಆರು ಜನ ಹೌದಲ್ಲಾ ಅಂದ್ರು, ಏಳನೆಯವರು ಕನ್ನಡದಲ್ಲಿ ಎಚ್‌ಡಿ ಇದೆಯಲ್ಲ, ದುಡ್ಡು ಕಟ್ತಿದೀನಲ್ಲ ಅಂದ್ರು.

ಗಡುವು ಹತ್ತಿರ ಇದ್ದಾಗ ಮಾಡಬಹುದಾದ್ದು ಇತ್ತು. ಪೆಟ್ಟಿಗೆ ಕೊಳ್ಳೋಕೆ ಮುಂಚೆ, ಡಿಟಿಎಚ್ ಆಗಲಿ ಕೇಬಲ್ ಆಗಲಿ, ಕನ್ನಡದ ಎಚ್‌ಡಿ ಚಾನೆಲ್ ಯಾವಾಗ ಬರುತ್ತೆ ಅಂತ ಮಾರೋನಿಗಲ್ಲ, ಕಂಪನಿಗೆ ಬರೆದು ಕೇಳಬಹುದಿತ್ತು, ಕನ್ನಡದಲ್ಲೇ ಬರೀಬಹುದಿತ್ತು. ಚಾನೆಲ್‌ನವರನ್ನೂ ಕೇಳಬಹುದಿತ್ತು. ಉದಯ, ಈಟೀವಿ, ಜೀ, ಸುವರ್ಣ ನಾಲ್ವರಿಗೂ ಆಗ ಬೇರೆ ಭಾಷೆಯ ಅಣ್ಣತಮ್ಮಂದಿರಿದ್ರು, ಬೇರೆಯವರಿಗೆ ಏನೇನು ಕೊಟ್ಟಿದ್ದೀರಿ ಅಂತ ಪಟ್ಟಿ ಸಮೇತ ಕೇಳಬಹುದಿತ್ತು. ರೆಕಾರ್ಡರ್ ಮಾರೋಕೆ ಬಂದ್ರೆ ಅಂಗಡಿಯಲ್ಲೇ ಒಂದು ಕನ್ನಡ ಧಾರಾವಾಹಿಗೆ ಸೀರೀಸ್ ರೆಕಾರ್ಡ್ ಹಾಕಿ ತೋರಿಸು ಅನ್ನಬಹುದಿತ್ತು. ಎಚ್‌ಡಿ ಪ್ಯಾಕ್ ಈಗಾಗಲೇ ಇದ್ದು ಅದರಲ್ಲಿ ಮ್ಯಾಚ್ ಬಿಟ್ಟು ಬೇರೇನೂ ನೋಡದವರು ಮ್ಯಾಚ್ ಇಲ್ಲದ ತಿಂಗಳು ಅದನ್ನ ತೆಗೆಸಬಹುದಿತ್ತು, ಯಾಕೆ ತೆಗೆಸಿದ್ದು ಅಂತ ಅವರು ಕೇಳೇ ಕೇಳ್ತಿದ್ರು, ಕನ್ನಡ ಇಲ್ಲ ಅದಕ್ಕೆ ಅಂತ ಹೇಳಬಹುದಿತ್ತು.

ನಾನು 2013ರ ಫೆಬ್ರವರಿಯಿಂದ ತೆಗೆಸಿದ್ದೆ. ನಾಲ್ಕು ಸಲ ಫೋನ್ ಬಂತು, ಮೂರು ಹಿಂದಿಯಲ್ಲಿ. ನಾಲ್ಕನೇ ಸಲ ಮಾತಾಡಿದ ಹುಡುಗ ಕನ್ನಡದವನು, ದಾವಣಗೆರೆ ಕಡೆ ಮಾತು. ನಾನು ಕಾರಣ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಇಲ್ಲಿ ಕಾರಣದ ಪಟ್ಟಿಯಿಂದ ಒಂದನ್ನ ಆರಿಸಬೇಕು, ಬೆಲೆ ಜಾಸ್ತಿ, ಸಿಗ್ನಲ್ ಸರಿಯಿಲ್ಲ, ಮನೆ ಬದಲಾವಣೆ ಅಂತ ಇದೆ, ನೀವು ಹೇಳಿದ್ದು ಇಲ್ಲ. 'ಇತರೆ' ಅಂತ ಹಾಕ್ಲಾ?" ಅಂದ. ಹಾಕಪ್ಪಾ ಅಂದೆ, ಆದ್ರೆ ಪಕ್ಕದಲ್ಲಿ ಬರೆಯೋಕೆ ಜಾಗ ಇದ್ರೆ ಕನ್ನಡ ಅಂತ ಬರಿ. ಜಾಗ ಇದೆ ಸರ್, ಬರೀತೀನಿ ಅಂದ.